ಫಿನ್ನಿಯ ಸಭೆಗಳಿಂದ ಗುಲಾಮಗಿರಿ ವಿರೋಧಿ ಚಳವಳಿಗೆ ನಿಜವಾಗಿಯೂ ದಾರಿ ಇತ್ತೇ?

ಹೊಸಪಾಠ (ಪ್ರಶ್ನೆ)

ಪದವಿ ತರಗತಿಗೆ ಅಮೆರಿಕದ ಇತಿಹಾಸ ಪಾಠ ಮಾಡುತ್ತೇನೆ. ಮುಂದಿನ ಅಧ್ಯಾಯ ‘ಎರಡನೇ ಮಹಾ ಜಾಗೃತಿ’, ಅಂದರೆ 19ನೇ ಶತಮಾನದ ಮೊದಲ ದಶಕಗಳಲ್ಲಿ ಅಮೆರಿಕದಲ್ಲಿ ಎದ್ದ ಕ್ರೈಸ್ತ ಪುನರುಜ್ಜೀವನದ ಅಲೆ. ಪಠ್ಯದಲ್ಲಿ ಬಾಣದ ಗುರುತಿನ ಒಂದು ಚಿತ್ರವಿದೆ. ಎಡಗಡೆ ‘ಧಾರ್ಮಿಕ ಪುನರುಜ್ಜೀವನ’. ಬಲಗಡೆ ಪಾನನಿರೋಧ, ಗುಲಾಮಗಿರಿ ನಿರ್ಮೂಲನೆ, ಮಹಿಳಾ ಹಕ್ಕು, ಹುಚ್ಚಾಸ್ಪತ್ರೆಗಳ ಸುಧಾರಣೆ. ನಡುವೆ ಏನಾಯಿತು ಎಂಬುದಕ್ಕೆ ಒಂದು ಸಾಲೂ ಇಲ್ಲ.

1801ರ ಆಗಸ್ಟ್‌ನಲ್ಲಿ ಕೆಂಟಕಿಯ ಕೇನ್ ರಿಜ್‌ನಲ್ಲಿ ಸಾವಿರಾರು ಜನ ಸೇರಿ ಅತ್ತರು, ನೆಲಕ್ಕೆ ಬಿದ್ದು ಹೊರಳಿದರು ಎಂದು ಓದುತ್ತೇವೆ. 1833ರ ಡಿಸೆಂಬರ್‌ನಲ್ಲಿ ಫಿಲಡೆಲ್ಫಿಯಾದಲ್ಲಿ ಅಮೆರಿಕನ್ ಗುಲಾಮಗಿರಿ ವಿರೋಧಿ ಸಂಘ ಹುಟ್ಟಿತು ಎಂದೂ ಓದುತ್ತೇವೆ. ಮೊದಲನೆಯದು ಎರಡನೆಯದಕ್ಕೆ ಹೇಗೆ ಕಾರಣ? ಆ ಕೆಂಟಕಿ ಅಂತರ್ಯುದ್ಧದ ಕೊನೆಯವರೆಗೂ ಗುಲಾಮರನ್ನು ಇಟ್ಟುಕೊಂಡ ರಾಜ್ಯ! ಇನ್ನೊಂದು ಕಡೆ, ರಾಚೆಸ್ಟರ್‌ನ ಗಿರಣಿ ಮಾಲೀಕರು ಕೂಲಿಗಳನ್ನು ಹದ್ದುಬಸ್ತಿನಲ್ಲಿಡಲು ಬೋಧಕ ಫಿನ್ನಿಯ ಪುನರುಜ್ಜೀವನ ಸಭೆಗಳನ್ನು ಬಳಸಿಕೊಂಡರು ಎಂಬ ವಾದವನ್ನೂ ಓದಿದೆ. ಚುರುಕಾದ ವಿದ್ಯಾರ್ಥಿಯೊಬ್ಬ ಎದ್ದು ಕೇಳಿದರೆ ಏನು ಹೇಳಲಿ?

ಕಾಲುವೆದಂಡೆ

ಮೊದಲು ಆ ಬಾಣವನ್ನು ಅಳಿಸಿಬಿಡಿ. ನಾನೂ ಇದೇ ಪಾಠವನ್ನು ನಿವೃತ್ತಿಯವರೆಗೆ ಹೇಳಿಕೊಟ್ಟವನು. ಆ ಚಿತ್ರದ ಮೇಲೆ ನನಗೆ ಹಳೆಯ ಸಿಟ್ಟಿದೆ. ಭಕ್ತಿ ಉಕ್ಕಿತು, ಉಕ್ಕಿದ್ದು ಸಮಾಜಸೇವೆಯಾಗಿ ಹರಿಯಿತು ಎಂದು ವಿದ್ಯಾರ್ಥಿಗಳು ಬರೆಯುತ್ತಾರೆ, ನಾವು ಅಂಕ ಕೊಡುತ್ತೇವೆ. ಕೇನ್ ರಿಜ್‌ನ ಕಣ್ಣೀರನ್ನು ಸ್ವಲ್ಪ ಹೊತ್ತು ಪಕ್ಕಕ್ಕಿಡಿ. ನ್ಯೂಯಾರ್ಕ್ ರಾಜ್ಯದ ಪಶ್ಚಿಮ ಭಾಗಕ್ಕೆ, 1830ರ ರಾಚೆಸ್ಟರ್‌ಗೆ ಬನ್ನಿ.

1820ರಲ್ಲಿ ಅದು ಸಾವಿರದೈನೂರು ಜನರ ಹಳ್ಳಿ. 1825ರಲ್ಲಿ ಈರೀ ಕಾಲುವೆ ಪೂರ್ತಿಯಾಯಿತು. 1830ರ ಹೊತ್ತಿಗೆ ಅಲ್ಲಿ ಒಂಬತ್ತು ಸಾವಿರ ಜನ. ಜೆನೆಸೀ ನದಿಯ ಜಲಪಾತದ ಬಲದಲ್ಲಿ ಗೋಧಿ ಗಿರಣಿಗಳು ತಿರುಗುತ್ತಿದ್ದವು, ಹಿಟ್ಟಿನ ಪೀಪಾಯಿಗಳು ದೋಣಿಯೇರಿ ನ್ಯೂಯಾರ್ಕ್ ನಗರಕ್ಕೆ ಹೋಗುತ್ತಿದ್ದವು. ಮೊದಲು ಯಜಮಾನನ ಮನೆಯಲ್ಲೇ ಉಂಡು ಮಲಗುತ್ತಿದ್ದ ಕೆಲಸಗಾರರು ಈಗ ಬೇರೆ ಬೀದಿಗಳಲ್ಲಿ ಬಾಡಿಗೆಗೆ ಇದ್ದರು. ಕುಡಿತ ಯಥೇಚ್ಛ. ಅಮೆರಿಕದಲ್ಲಿ ಆಗ 15 ವರ್ಷ ದಾಟಿದವರ ಲೆಕ್ಕ ಹಾಕಿದರೆ ತಲೆಗೆ ವರ್ಷಕ್ಕೆ ಸುಮಾರು 7 ಗ್ಯಾಲನ್ ಶುದ್ಧ ಮದ್ಯಸಾರ ಬೀಳುತ್ತಿತ್ತು. ಮೆಕ್ಕೆಜೋಳವನ್ನು ದೂರದ ಪೇಟೆಗೆ ಸಾಗಿಸುವುದಕ್ಕಿಂತ ವಿಸ್ಕಿ ಮಾಡಿ ಸಾಗಿಸುವುದು ಅಗ್ಗವಾಗಿದ್ದ ಕಾಲ ಅದು.

ಈ ಊರಿನ ಧರ್ಮಭೀರು ಸಿರಿವಂತರು ಮೊದಲು ಹಿಡಿದದ್ದು ಒತ್ತಾಯದ ದಾರಿ. ಜೊಸಾಯಾ ಬಿಸೆಲ್ ಎಂಬ ವ್ಯಾಪಾರಿ 1828ರಲ್ಲಿ ಭಾನುವಾರ ಓಡದ, ಕುಡಿಯದ ಚಾಲಕರ ಕುದುರೆಗಾಡಿ ಸೇವೆ ಶುರುಮಾಡಿದ. ಭಾನುವಾರ ಅಂಚೆ ಸಾಗಿಸಬಾರದೆಂದು ದೇಶದ ಎಲ್ಲೆಡೆಯಿಂದ ಸಂಸತ್ತಿಗೆ ಮನವಿಗಳು ಹೋದವು. ಸಂಸತ್ತು ಒಪ್ಪಲಿಲ್ಲ. ಅಂಚೆಯ ಗುತ್ತಿಗೆ ಸಿಗದೆ ಗಾಡಿ ಕಂಪನಿ ಮುಳುಗಿತು. ಇಂಥವರ ಸಹವಾಸವೇ ಬೇಡ ಎನ್ನುವ ಸಿರಿವಂತರೂ ಊರಿನಲ್ಲಿದ್ದರು, ಹೀಗಾಗಿ ಚರ್ಚುಗಳೊಳಗೇ ಜಗಳ ಹತ್ತಿತು. ಆಗ ಚಾರ್ಲ್ಸ್ ಗ್ರಾಂಡಿಸನ್ ಫಿನ್ನಿಯನ್ನು ಕರೆಸಿದವರಲ್ಲಿ ಇದೇ ಬಿಸೆಲ್ ಮುಂದಿದ್ದ.

ಫಿನ್ನಿ ಮೂಲತಃ ವಕೀಲ. 1821ರಲ್ಲಿ ಆ್ಯಡಮ್ಸ್ ಎಂಬ ಊರಿನಲ್ಲಿ ಮನಃಪರಿವರ್ತನೆಯಾದ ಮರುದಿನ ಬೆಳಿಗ್ಗೆ ಕಕ್ಷಿದಾರ ಬಂದನಂತೆ. ತಾನು ಯೇಸುವಿನ ವಕಾಲತ್ತು ಹಿಡಿದಾಗಿದೆ, ನಿಮ್ಮದನ್ನು ನಡೆಸಲಾರೆ ಎಂದು ಇವನು ಕಳುಹಿಸಿಬಿಟ್ಟ. ಹಾಸ್ಯಕ್ಕೆ ಹೇಳುತ್ತಿಲ್ಲ. ಬೋಧನೆಯಲ್ಲಿ ಆತ ಕೊನೆಯವರೆಗೂ ವಕೀಲನಾಗಿಯೇ ಉಳಿದ, ಕೇಳುಗರನ್ನು ನ್ಯಾಯದರ್ಶಿಗಳೆಂದು ಭಾವಿಸಿ ಮಾತಾಡುತ್ತಿದ್ದ. ಹಳೆಯ ಕ್ಯಾಲ್ವಿನ್ ಪಂಥದ ಪಾದ್ರಿ ‘ದೇವರು ಯಾರನ್ನು ಆರಿಸಿಕೊಂಡಿದ್ದಾನೋ ಅವರಿಗೆ ಮುಕ್ತಿ, ನೀನು ಕಾಯುತ್ತಿರು’ ಎನ್ನುತ್ತಿದ್ದ. ಫಿನ್ನಿ ‘ತೀರ್ಪು ನಿನ್ನ ಕೈಯಲ್ಲಿದೆ, ಈಗಲೇ ಕೊಡು’ ಎಂದ. ಮನಸ್ಸು ಅಲುಗಾಡುತ್ತಿರುವವರಿಗೆಂದು ಮುಂದಿನ ಸಾಲಿನಲ್ಲಿ ಒಂದು ಬೆಂಚು. ಅಲ್ಲಿಗೆ ಎದ್ದು ಬರಬೇಕು, ಎಲ್ಲರೆದುರು. ರಾತ್ರಿ ರಾತ್ರಿ ಸಭೆ, ಹಗಲು ಮನೆಮನೆಗೆ ಭೇಟಿ. ಗಂಡಸರಿರುವ ಸಭೆಯಲ್ಲಿ ಹೆಂಗಸರೂ ಬಾಯಿಬಿಟ್ಟು ಪ್ರಾರ್ಥಿಸಬಹುದು. ಇದನ್ನೆಲ್ಲ ಕಂಡು ಲೈಮನ್ ಬೀಚರ್‌ನಂಥ ದೊಡ್ಡ ಪಾದ್ರಿಗಳು 1827ರಲ್ಲಿ ನ್ಯೂ ಲೆಬನಾನ್‌ನಲ್ಲಿ ಸಭೆ ಕೂಡಿಸಿ ತಕರಾರು ಎತ್ತಿದ್ದರು.

1830ರ ಸೆಪ್ಟೆಂಬರ್‌ನಿಂದ ಮರುವರ್ಷದ ಮಾರ್ಚ್‌ವರೆಗೆ ಫಿನ್ನಿ ರಾಚೆಸ್ಟರ್‌ನಲ್ಲಿದ್ದ. ಒಂದು ಸಭೆಯಲ್ಲಿ ಜನದಟ್ಟಣೆಗೆ ಕಾಲುವೆಯ ಪಕ್ಕದ ಚರ್ಚಿನ ಗೋಡೆ ಜಗ್ಗಿ, ಚಾವಣಿಯಿಂದ ಮರದ ತುಂಡೊಂದು ಗಾರೆ ಸೀಳಿಕೊಂಡು ಬಿತ್ತು. ಜನ ಬಾಗಿಲು ಕಿಟಕಿಗಳತ್ತ ಓಡಿದರು. ಸಭೆ ಬೇರೆ ಚರ್ಚಿಗೆ ಹೋಯಿತೇ ಹೊರತು ನಿಲ್ಲಲಿಲ್ಲ.

ನಿಮ್ಮ ಪ್ರಶ್ನೆಗೆ ಉತ್ತರ ಇರುವುದು ಆ ವರ್ಷದ ಕೊನೆಯ ರಾತ್ರಿಯಲ್ಲಿ. ಫಿನ್ನಿಯ ಶಿಷ್ಯ ಥಿಯೊಡೋರ್ ಡ್ವೈಟ್ ವೆಲ್ಡ್ ಡಿಸೆಂಬರ್ 31ರಂದು ಕುಡಿತದ ವಿರುದ್ಧ ಗಂಟೆಗಟ್ಟಲೆ ಮಾತಾಡಿದ. ಮಾರನೆಯ ದಿನ ಊರಿನ ದೊಡ್ಡ ದಿನಸಿ ವ್ಯಾಪಾರಿಗಳು ತಮ್ಮ ವಿಸ್ಕಿ ಪೀಪಾಯಿಗಳನ್ನು ಬೀದಿಗೆ ಉರುಳಿಸಿ ಒಡೆದು ಚರಂಡಿಗೆ ಹರಿಸಿದರು. ಎರಡು ವರ್ಷ ಹಿಂದೆ ಬಿಸೆಲ್‌ಗೆ ಕಾನೂನಿನಿಂದ ಮಾಡಿಸಲಾಗದೆ ಹೋದ ಬಗೆಯ ಕೆಲಸವನ್ನು ಈಗ ವ್ಯಾಪಾರಿಗಳು ತಾವಾಗಿ ಮಾಡಿದರು. ‘ಪಾಪ ಎಂದು ಗೊತ್ತಾದ ಕ್ಷಣವೇ ಬಿಡು, ಸ್ವಲ್ಪಸ್ವಲ್ಪವಾಗಿ ಬಿಡುತ್ತೇನೆ ಎನ್ನಬೇಡ’ ಎಂಬ ತರ್ಕ ಇಲ್ಲಿ ವಿಸ್ಕಿಗೆ ಅನ್ವಯವಾಯಿತು. ಅದನ್ನೇ ಗುಲಾಮಗಿರಿಗೆ ಅನ್ವಯಿಸಿ ನೋಡಿ. ‘ಕ್ರಮೇಣ ಬಿಡುಗಡೆ ಮಾಡೋಣ’ ಎಂಬ ಹಿಂದಿನ ಪೀಳಿಗೆಯ ನಿಲುವು ಕುಸಿಯುತ್ತದೆ, ‘ತಕ್ಷಣ ಬಿಡುಗಡೆ’ ಎಂಬ ಘೋಷಣೆ ಏಳುತ್ತದೆ. ವಿಲಿಯಂ ಲಾಯ್ಡ್ ಗ್ಯಾರಿಸನ್‌ನ ಗುಲಾಮಗಿರಿ ವಿರೋಧಿ ಪತ್ರಿಕೆ ‘ಲಿಬರೇಟರ್’ನ ಮೊದಲ ಸಂಚಿಕೆ ಬಾಸ್ಟನ್‌ನಲ್ಲಿ ಹೊರಬಂದ ದಿನಾಂಕ ನೋಡಿ: 1831ರ ಜನವರಿ 1. ಕಾಕತಾಳೀಯವೇ. ಗ್ಯಾರಿಸನ್ ಫಿನ್ನಿಯ ಶಿಷ್ಯನಲ್ಲ. ಆದರೂ ತರಗತಿಯಲ್ಲಿ ಈ ದಿನಾಂಕ ಹೇಳಿ, ಯಾರೂ ಮರೆಯುವುದಿಲ್ಲ.

ತರ್ಕ ಮಾತ್ರವಿದ್ದರೆ ಚಳವಳಿ ಆಗದು. ಫಿನ್ನಿಯ ಪ್ರಕಾರ ಪುನರುಜ್ಜೀವನವೆಂದರೆ ಪವಾಡವಲ್ಲ; ರೈತ ಉತ್ತು ಬಿತ್ತಿದರೆ ಬೆಳೆ ಬರುವಂತೆ, ತಕ್ಕ ಉಪಾಯಗಳನ್ನು ಬಳಸಿದರೆ ಬರುವ ಫಲ. ಸುಧಾರಕರಿಗೆ ದಕ್ಕಿದ್ದು ಆ ಉಪಾಯಗಳು. 1834ರ ಫೆಬ್ರುವರಿಯಲ್ಲಿ ಪಾದ್ರಿಗಳನ್ನು ತಯಾರಿಸುವ ಸಿನ್ಸಿನಾಟಿಯ ಲೇನ್ ಸೆಮಿನರಿಯಲ್ಲಿ ವೆಲ್ಡ್ ಹದಿನೆಂಟು ರಾತ್ರಿ ಗುಲಾಮಗಿರಿಯ ಮೇಲೆ ಚರ್ಚೆ ನಡೆಸಿದ. ನೋಡಿ, ಇದು ಸಾಕ್ಷಾತ್ ಫಿನ್ನಿಯ ಸಾಲುಸಭೆ! ದಕ್ಷಿಣದಿಂದ ಬಂದ ವಿದ್ಯಾರ್ಥಿಗಳು ಎದ್ದು ತಾವು ಮನೆಯಲ್ಲಿ ಕಂಡದ್ದನ್ನು ಹೇಳಿದರು. ದುಡಿದು ತನ್ನ ಬಿಡುಗಡೆಯನ್ನು ತಾನೇ ಕೊಂಡುಕೊಂಡಿದ್ದ ಜೇಮ್ಸ್ ಬ್ರ್ಯಾಡ್ಲಿ ಎಂಬ ಕಪ್ಪು ವಿದ್ಯಾರ್ಥಿಯೂ ಮಾತಾಡಿದ. ಆಡಳಿತ ಮಂಡಳಿ ಹೆದರಿ ಇಂಥ ಚರ್ಚೆಗಳನ್ನೇ ನಿಷೇಧಿಸಿತು. ಆಗ ಸೆಮಿನರಿಯ ಅಧ್ಯಕ್ಷ ಯಾರು? ಅದೇ ಲೈಮನ್ ಬೀಚರ್. ಬಹುಪಾಲು ವಿದ್ಯಾರ್ಥಿಗಳು ಹೊರನಡೆದರು. ಹಲವರು ಓಹಾಯೋದ ಒಬರ್ಲಿನ್ ವಿದ್ಯಾಸಂಸ್ಥೆಗೆ ಹೋದರು. ಕಪ್ಪು ವಿದ್ಯಾರ್ಥಿಗಳಿಗೂ ಪ್ರವೇಶ ಕೊಡಬೇಕು, ಫಿನ್ನಿಯನ್ನು ಪ್ರಾಧ್ಯಾಪಕನನ್ನಾಗಿ ತರಬೇಕು ಎಂಬ ಷರತ್ತುಗಳ ಹಿಂದೆ ನ್ಯೂಯಾರ್ಕ್‌ನ ರೇಷ್ಮೆ ವ್ಯಾಪಾರಿಗಳಾದ ಆರ್ಥರ್ ಮತ್ತು ಲೂಯಿಸ್ ಟ್ಯಾಪನ್ ಸೋದರರ ಹಣವಿತ್ತು. 1835ರಲ್ಲಿ ಒಬರ್ಲಿನ್ ಮಂಡಳಿಯಲ್ಲಿ ಮತಗಳು ಸಮವಾಗಿ, ಮಂಡಳಿಯ ಅಧ್ಯಕ್ಷನ ಒಂದು ಮತದಿಂದ ಕಪ್ಪು ವಿದ್ಯಾರ್ಥಿಗಳ ಪ್ರವೇಶದ ನಿರ್ಣಯ ಗೆದ್ದಿತು.

ಮಾಲೀಕರ ಹತೋಟಿಯ ವಾದಕ್ಕೆ ಬಂದರೆ, ಅರ್ಧ ಒಪ್ಪುತ್ತೇನೆ. ರಾಚೆಸ್ಟರ್‌ನಲ್ಲಿ ಮೊದಲು ಪರಿವರ್ತನೆಗೊಂಡವರಲ್ಲಿ ಗಿರಣಿ ಮಾಲೀಕರು, ವಕೀಲರು, ವ್ಯಾಪಾರಿಗಳು ಎದ್ದು ಕಾಣುತ್ತಾರೆ ನಿಜ. ಆದರೆ ಟ್ಯಾಪನ್ ಸೋದರರಿಗೆ ಗುಲಾಮಗಿರಿ ವಿರೋಧದಿಂದ ಯಾವ ಲಾಭವಾಯಿತು? 1834ರ ಜುಲೈ ಗಲಭೆಯಲ್ಲಿ ಲೂಯಿಸ್‌ನ ಮನೆಗೆ ನುಗ್ಗಿದ ಜನ ಪೀಠೋಪಕರಣಗಳನ್ನು ಬೀದಿಗೆ ಎಳೆದು ಸುಟ್ಟರು. ಒಡೆದ ಮನೆಯನ್ನು ಲೂಯಿಸ್ ದುರಸ್ತಿ ಮಾಡಿಸಲಿಲ್ಲ, ಜನ ನೋಡಲಿ ಎಂದು ಹಾಗೆಯೇ ಬಿಟ್ಟ. ಕೂಲಿಗಳನ್ನು ಶಿಸ್ತಿನಲ್ಲಿಡುವ ಆಸೆಯೊಂದೇ ಇದ್ದವನು ಅಷ್ಟು ದೂರ ಹೋಗುತ್ತಿರಲಿಲ್ಲ.

ಮೂರನೇಸಾಲು

ಕಾಲುವೆದಂಡೆ ಸರ್ ಅವರ ಬರಹ ಚೆನ್ನಾಗಿದೆ, ಆದರೆ ಅದರಲ್ಲಿ ಜೇಮ್ಸ್ ಬ್ರ್ಯಾಡ್ಲಿಯೊಬ್ಬನನ್ನು ಬಿಟ್ಟರೆ ಎಲ್ಲರೂ ಬಿಳಿಯರು. ಅದಕ್ಕೇ ಕಥೆ 1830ರಲ್ಲಿ ಶುರುವಾಗುತ್ತದೆ.

ಫಿಲಡೆಲ್ಫಿಯಾಕ್ಕೆ ಹೋಗೋಣ. ಗುಲಾಮನಾಗಿ ಹುಟ್ಟಿ, ಮೆಥಡಿಸ್ಟ್ ಬೋಧಕರ ಮಾತು ಕೇಳಿ ಪರಿವರ್ತನೆಗೊಂಡು, ದುಡಿದು ಬಿಡುಗಡೆ ಕೊಂಡುಕೊಂಡ ರಿಚರ್ಡ್ ಅಲೆನ್ 1794ರಲ್ಲೇ ಅಲ್ಲಿ ಬೆಥೆಲ್ ಚರ್ಚ್ ತೆರೆದಿದ್ದ. ಬಿಳಿಯರ ಚರ್ಚಿನಲ್ಲಿ ಪ್ರಾರ್ಥನೆಗೆ ಮೊಣಕಾಲೂರಿದ್ದ ಕಪ್ಪು ಜನರನ್ನು ಎಬ್ಬಿಸಲು ಹೋದಾಗ ಅವರು ಒಟ್ಟಾಗಿ ಹೊರನಡೆದದ್ದು ಅದರ ಹಿನ್ನೆಲೆ. 1816ರಲ್ಲಿ ಆಫ್ರಿಕನ್ ಮೆಥಡಿಸ್ಟ್ ಎಪಿಸ್ಕೋಪಲ್ ಚರ್ಚ್ ಸ್ವತಂತ್ರ ಪಂಥವಾಯಿತು, ಅಲೆನ್ ಅದರ ಮೊದಲ ಬಿಷಪ್.

ಅದೇ ವರ್ಷದ ಕೊನೆಯಲ್ಲಿ ವಸಾಹತು ಸಂಘ ಹುಟ್ಟಿತು. ಬಿಡುಗಡೆಯಾದ ಕಪ್ಪು ಜನರನ್ನು ಆಫ್ರಿಕಾಕ್ಕೆ ಸಾಗಿಸಿಬಿಡುವುದು ಅದರ ಯೋಜನೆ. ಪಾದ್ರಿಗಳು, ದಾನಿಗಳು, ಗುಲಾಮರ ಒಡೆಯರು ಎಲ್ಲರೂ ಅದರಲ್ಲಿದ್ದರು. ಅದನ್ನೂ ಆಗ ‘ಸುಧಾರಣೆ’ ಎಂದೇ ಕರೆದರು. 1817ರ ಜನವರಿಯಲ್ಲಿ ಬೆಥೆಲ್ ಚರ್ಚಿನಲ್ಲಿ ಸುಮಾರು ಮೂರು ಸಾವಿರ ಕಪ್ಪು ಜನ ಸೇರಿ ಆ ಯೋಜನೆಯನ್ನು ಒಕ್ಕೊರಲಿನಿಂದ ತಿರಸ್ಕರಿಸಿದರು. ಫಿನ್ನಿ ಆಗಿನ್ನೂ ಕಾನೂನು ಓದಲೂ ಶುರುಮಾಡಿರಲಿಲ್ಲ. ಬಾಸ್ಟನ್‌ನಲ್ಲಿ ಹಳೆಬಟ್ಟೆ ಅಂಗಡಿ ಇಟ್ಟಿದ್ದ ಡೇವಿಡ್ ವಾಕರ್ 1829ರಲ್ಲಿ ಗುಲಾಮಗಿರಿಯ ವಿರುದ್ಧ ಕಿಡಿಕಾರುವ ಪುಸ್ತಿಕೆ ಅಚ್ಚು ಹಾಕಿಸಿದ. ಅದರಲ್ಲಿ ಬಿಷಪ್ ಅಲೆನ್‌ನನ್ನು ಮನಸಾರೆ ಹೊಗಳಿದ್ದಾನೆ. ನಾವಿಕರ ಕೈಯಿಂದ ಅದು ದಕ್ಷಿಣದ ಬಂದರುಗಳಿಗೆ ತಲುಪಿದಾಗ ಅಲ್ಲಿನ ಸರ್ಕಾರಗಳು ನಡುಗಿದವು. ಗ್ಯಾರಿಸನ್ ಮೊದಲು ವಸಾಹತು ಯೋಜನೆಯ ಪರವಾಗಿದ್ದವನು. ಅವನನ್ನು ಅಲ್ಲಿಂದ ಈಚೆಗೆ ಎಳೆದದ್ದರಲ್ಲಿ ಕಪ್ಪು ಜನರ ವಾದಗಳ ಪಾತ್ರ ದೊಡ್ಡದು, ‘ಲಿಬರೇಟರ್’ನ ಮೊದಲ ಚಂದಾದಾರರಲ್ಲಿ ಬಹುಪಾಲು ಅವರೇ.

ಇನ್ನು ದಕ್ಷಿಣ. ಅಲ್ಲೂ ಜಾಗೃತಿ ಆಯಿತು. ಮೆಥಡಿಸ್ಟರು 1784ರಲ್ಲಿ ಸದಸ್ಯರು ಗುಲಾಮರನ್ನು ಬಿಡುಗಡೆ ಮಾಡಬೇಕೆಂದು ನಿಯಮ ಮಾಡಿ, ಪ್ರತಿರೋಧ ಕಂಡು ಕೆಲವೇ ತಿಂಗಳಲ್ಲಿ ಅದನ್ನು ತಡೆಹಿಡಿದರು. ಆಮೇಲೆಯೇ ಅವರ ಸಂಖ್ಯೆ ಅಲ್ಲಿ ಹುಲುಸಾಗಿ ಬೆಳೆದದ್ದು. 1844ರಲ್ಲಿ, ಬಿಷಪ್ ಜೇಮ್ಸ್ ಆ್ಯಂಡ್ರೂ ಗುಲಾಮರ ಒಡೆಯನಾಗಿದ್ದರ ವಿಷಯಕ್ಕೆ, ಆ ಪಂಥ ಇಬ್ಭಾಗವಾಯಿತು. ಮರುವರ್ಷ ಜಾರ್ಜಿಯಾದ ಆಗಸ್ಟಾದಲ್ಲಿ ದಕ್ಷಿಣದ ಬ್ಯಾಪ್ಟಿಸ್ಟರು ಬೇರೆಯಾದರು. ಅವರೂ ಕರಪತ್ರ ಹಂಚಿದರು, ಭಾನುವಾರದ ಶಾಲೆ ನಡೆಸಿದರು, ಪರಿವರ್ತನೆಯ ಬೆಂಚು ಹಾಕಿದರು. ಒಡೆಯನ ಮಾತು ಕೇಳು ಎಂದು ಗುಲಾಮರಿಗೆ ಕಲಿಸುವ ಪ್ರಶ್ನೋತ್ತರ ಪುಸ್ತಕಗಳನ್ನೂ ಬರೆದರು. 1831ರ ಆಗಸ್ಟ್‌ನಲ್ಲಿ ವರ್ಜೀನಿಯಾದಲ್ಲಿ ದಂಗೆ ಎಬ್ಬಿಸಿದ ನ್ಯಾಟ್ ಟರ್ನರ್ ಬೈಬಲ್ ಬಲ್ಲ ಬೋಧಕ. ಅದಾದ ಮೇಲೆ ಆ ರಾಜ್ಯ ಕಪ್ಪು ಜನ ಬೋಧನೆ ಮಾಡುವುದನ್ನೇ ಕಾನೂನಿನಿಂದ ನಿಷೇಧಿಸಿತು. ಹೊಸಪಾಠ ಅವರೇ, ನಿಮ್ಮ ಚಿತ್ರದಲ್ಲಿ ಈ ಬಾಣಗಳೆಲ್ಲ ಎಲ್ಲಿ?

ಹೊಸಪಾಠ

ಇಬ್ಬರಿಗೂ ಕೃತಜ್ಞತೆಗಳು. ಮೂರನೇಸಾಲು ಅವರು ಕೊಟ್ಟ 1817ರ ಸಭೆಯಿಂದಲೇ ಪಾಠ ಶುರುಮಾಡುತ್ತೇನೆ.

ಎರಡು ಸಣ್ಣ ಅನುಮಾನ. ಫಿನ್ನಿ ಸ್ವತಃ ಎಷ್ಟರಮಟ್ಟಿಗೆ ಗುಲಾಮಗಿರಿ ವಿರೋಧಿ? ಮತ್ತೆ ಹುಚ್ಚಾಸ್ಪತ್ರೆಗಳ ಸುಧಾರಕಿ ಡೊರೊಥಿಯಾ ಡಿಕ್ಸ್‌ಳನ್ನು ಈ ಅಧ್ಯಾಯದಲ್ಲಿ ಸೇರಿಸಿದ್ದು ಸರಿಯೇ?

ಕಾಲುವೆದಂಡೆ

ಮೂರನೇಸಾಲು ಅವರ ಮಾತಿಗೆ ನನ್ನ ತಕರಾರಿಲ್ಲ. ಒಂದನ್ನು ಸೇರಿಸುತ್ತೇನೆ. ಉಪಾಯಗಳು ಯಾರ ಕೈಗಾದರೂ ಸಿಗುತ್ತವೆ ಎಂಬುದು ನನ್ನ ವಾದಕ್ಕೂ ಪೂರಕವೇ.

ಫಿನ್ನಿಯ ವಿಷಯ ಕುತೂಹಲಕಾರಿ. ನ್ಯೂಯಾರ್ಕ್‌ನ ಚಾಟಮ್ ಬೀದಿಯ ಪ್ರಾರ್ಥನಾ ಮಂದಿರದಲ್ಲಿ ಗುಲಾಮರ ಒಡೆಯರಿಗೆ ಪ್ರಭುಭೋಜನ ಸಂಸ್ಕಾರ ಕೊಡುವುದಿಲ್ಲ ಎಂದವನು ಇವನೇ. ಅದೇ ಮಂದಿರದಲ್ಲಿ ಕಪ್ಪು ಜನರು ಬಿಳಿಯರ ನಡುವೆ ಕೂರಲಿ ಎಂದು ಲೂಯಿಸ್ ಟ್ಯಾಪನ್ ಹಟ ಹಿಡಿದಾಗ ಬೇಡ ಎಂದವನೂ ಇವನೇ. 1836ರಲ್ಲಿ ವೆಲ್ಡ್‌ಗೆ ಬರೆದ ಪತ್ರದಲ್ಲಿ, ಹೀಗೇ ಮುಂದುವರಿದರೆ ದೇಶ ಅಂತರ್ಯುದ್ಧಕ್ಕೆ ಬೀಳುತ್ತದೆ ಎಂದು ಎಚ್ಚರಿಸುತ್ತಾನೆ. ರಾಚೆಸ್ಟರ್‌ನಲ್ಲಿ ಪಾನನಿರೋಧವನ್ನು ಪುನರುಜ್ಜೀವನದ ಬಾಲವಾಗಿ ಇಟ್ಟುಕೊಂಡಂತೆ ಗುಲಾಮಗಿರಿ ವಿರೋಧವನ್ನೂ ಇಟ್ಟುಕೊಳ್ಳೋಣ ಎನ್ನುತ್ತಾನೆ. ಮೊದಲು ಆತ್ಮಗಳ ರಕ್ಷಣೆ, ಉಳಿದದ್ದು ಹಿಂದೆ ಬರುತ್ತದೆ ಎಂಬ ಲೆಕ್ಕ. ಶಿಷ್ಯ ಒಪ್ಪಲಿಲ್ಲ. ಆ ವರ್ಷವೇ ವೆಲ್ಡ್ ನ್ಯೂಯಾರ್ಕ್‌ನಲ್ಲಿ ಹೊಸ ಪ್ರಚಾರಕರಿಗೆ ತರಬೇತಿ ಕೊಟ್ಟ. ಯೇಸು ಎಪ್ಪತ್ತು ಮಂದಿಯನ್ನು ಊರೂರಿಗೆ ಕಳುಹಿಸಿದ ಬೈಬಲ್ ಪ್ರಸಂಗವನ್ನು ನೆನೆದು ಅವರನ್ನು ‘ಎಪ್ಪತ್ತು ಮಂದಿ’ ಎಂದೇ ಕರೆದರು. ವೆಲ್ಡ್‌ನ ಪದ್ಧತಿಯೂ ಅದೇ: ಒಂದೇ ಊರಿನಲ್ಲಿ ಹಲವು ರಾತ್ರಿ ಭಾಷಣ, ಮೊದಮೊದಲು ಮೊಟ್ಟೆ ಕಲ್ಲುಗಳ ಸ್ವಾಗತ, ಕೊನೆಯ ರಾತ್ರಿ ‘ಒಪ್ಪಿದವರು ಎದ್ದುನಿಲ್ಲಿ’ ಎಂಬ ಕರೆ. ಗುರುವಿನಿಂದ ಕಲಿತ ವಿದ್ಯೆ ಗುರು ಹಾಕಿದ ಗೆರೆಯನ್ನು ದಾಟಿ ಹೋಯಿತು.

ಡಿಕ್ಸ್ ಈ ಪಟ್ಟಿಗೆ ಸೇರುವುದಿಲ್ಲ, ನಿಮ್ಮ ಅನುಮಾನ ಸರಿ. ಅವಳು ಯೂನಿಟೇರಿಯನ್, ಅಂದರೆ ತ್ರಿತ್ವವನ್ನು ಒಪ್ಪದ, ವಿಚಾರಕ್ಕೆ ಒತ್ತು ಕೊಡುವ ಕ್ರೈಸ್ತ ಪಂಥದವಳು. ಬೆಂಚು, ಕಣ್ಣೀರು, ನರಕದ ಭಯ ಯಾವುದೂ ಆ ಪಂಥಕ್ಕೆ ಒಗ್ಗದು. 1841ರಲ್ಲಿ ಈಸ್ಟ್ ಕೇಂಬ್ರಿಜ್ ಸೆರೆಮನೆಯಲ್ಲಿ ಹೆಂಗಸರಿಗೆ ಭಾನುವಾರದ ಪಾಠ ಹೇಳಲು ಹೋಗಿ, ಬೆಂಕಿಯಿಲ್ಲದ ಚಳಿಯ ಕೋಣೆಯಲ್ಲಿ ಕೂಡಿಹಾಕಿದ್ದ ಮಾನಸಿಕ ರೋಗಿಗಳನ್ನು ಕಂಡಳು. ಮ್ಯಾಸಚೂಸೆಟ್ಸ್‌ನ ಸೆರೆಮನೆ, ನಿರ್ಗತಿಕರ ಆಶ್ರಯಧಾಮಗಳನ್ನೆಲ್ಲ ಸುತ್ತಿ 1843ರಲ್ಲಿ ರಾಜ್ಯದ ಶಾಸನಸಭೆಗೆ ವರದಿ ಸಲ್ಲಿಸಿದಳು. ಶಾಲಾ ಸುಧಾರಕ ಹೊರೇಸ್ ಮಾನ್ ಕೂಡ ಬಾಲ್ಯದ ಕ್ಯಾಲ್ವಿನ್ ಬೋಧನೆಯಿಂದ ರೋಸಿಹೋಗಿ ಯೂನಿಟೇರಿಯನ್ ಆದವನು. ಇವರಿಬ್ಬರನ್ನೂ ಫಿನ್ನಿಯ ಖಾತೆಗೆ ಬರೆಯಬೇಡಿ. ಪರೀಕ್ಷೆಯಲ್ಲಿ ಬರೆದವರಿಗೆ ನಾನು ಅಂಕ ಕಳೆಯುತ್ತಿದ್ದೆ.

ದೀಪದಕಂಬ

ತಡವಾಗಿ ಬಂದೆ. ಹೆಂಗಸರ ವಿಷಯ ಬೆಂಚಿನ ಪಕ್ಕದ ಪ್ರಾರ್ಥನೆಯಲ್ಲೇ ನಿಂತುಬಿಟ್ಟಿತಲ್ಲ! ಹೆಚ್ಚುಕಡಿಮೆ ಎಲ್ಲ ಕಡೆಯೂ ಪರಿವರ್ತನೆಗೊಂಡವರಲ್ಲಿ ಹೆಂಗಸರೇ ಹೆಚ್ಚು. ಗಂಡಂದಿರನ್ನು ಕರೆತಂದವರೂ ಅವರೇ. 1834ರಲ್ಲಿ ನ್ಯೂಯಾರ್ಕ್ ಮಹಿಳಾ ನೈತಿಕ ಸುಧಾರಣಾ ಸಂಘ ಹುಟ್ಟಿದಾಗ ಅದರ ಮೊದಲ ಮುಖ್ಯಸ್ಥೆ ಫಿನ್ನಿಯ ಹೆಂಡತಿ ಲಿಡಿಯಾ. ವೇಶ್ಯಾಗೃಹಗಳಿಗೆ ಹೋಗುವ ಗಂಡಸರ ಹೆಸರು ಅಚ್ಚು ಹಾಕುತ್ತೇವೆ ಎಂದು ಹೆದರಿಸಿದ ಸಂಘ ಅದು. ಗೌರವಸ್ಥ ಮನೆತನದ ಹೆಂಗಸರ ಬಾಯಲ್ಲಿ ಆ ಮಾತು ಬಂದದ್ದೇ ಊರಿಗೆ ಆಘಾತ.

ಆದರೆ ಚರ್ಚ್ ಎಲ್ಲಿ ಕೈಬಿಟ್ಟಿತು ಎಂಬುದನ್ನೂ ಹೇಳಿಕೊಡಿ. ಚಾರ್ಲ್ಸ್‌ಟನ್‌ನ ಗುಲಾಮರ ಒಡೆಯನ ಮಕ್ಕಳಾದ ಸಾರಾ ಮತ್ತು ಆ್ಯಂಜಲಿನಾ ಗ್ರಿಮ್ಕೆ 1837ರಲ್ಲಿ ಮ್ಯಾಸಚೂಸೆಟ್ಸ್‌ನಲ್ಲಿ ಗಂಡಸರೂ ಇದ್ದ ಸಭೆಗಳಲ್ಲಿ ಮಾತಾಡಿದರು. ಅಲ್ಲಿನ ಕಾಂಗ್ರಿಗೇಷನಲ್ ಪಾದ್ರಿಗಳು ಹೆಣ್ಣಿಗೆ ಇದು ತಕ್ಕುದಲ್ಲ ಎಂದು ಬಹಿರಂಗ ಪತ್ರ ಹೊರಡಿಸಿದರು. ಉತ್ತರವಾಗಿ ಸಾರಾ ಬೈಬಲನ್ನೇ ಮುಂದಿಟ್ಟುಕೊಂಡು ಸ್ತ್ರೀಪುರುಷ ಸಮಾನತೆಯನ್ನು ವಾದಿಸಿದಳು. ಮರುವರ್ಷ ಆ್ಯಂಜಲಿನಾ ಮದುವೆಯಾದದ್ದು ಮೇಲೆ ಹೇಳಿದ ವೆಲ್ಡ್‌ನನ್ನು. ಮದುವೆಯಾಗಿ ಎರಡೇ ದಿನಕ್ಕೆ ಫಿಲಡೆಲ್ಫಿಯಾದ ಹೊಸ ಪೆನ್ಸಿಲ್ವೇನಿಯಾ ಸಭಾಂಗಣದಲ್ಲಿ, ಕಿಟಕಿಗೆ ಕಲ್ಲು ಬೀಳುತ್ತಿದ್ದರೂ ನಿಲ್ಲಿಸದೆ ಮಾತಾಡಿದಳು. ಅದರ ಮರುದಿನ, 1838ರ ಮೇ 17ರಂದು, ಗುಂಪೊಂದು ಆ ಕಟ್ಟಡವನ್ನು ಸುಟ್ಟುಹಾಕಿತು. ಮುಂದೆ ಅಕ್ಕತಂಗಿಯರಿಬ್ಬರೂ ದಕ್ಷಿಣದ ಪತ್ರಿಕೆಗಳ ರಾಶಿಯಿಂದ ಓಡಿಹೋದ ಗುಲಾಮರ ಕುರಿತ ಜಾಹೀರಾತುಗಳನ್ನು ಕತ್ತರಿಸಿ ಜೋಡಿಸಿದರು. ಮೈಮೇಲೆ ಇಂಥಲ್ಲಿ ಬರೆಯ ಗುರುತು, ಇಂಥಲ್ಲಿ ಗಾಯ ಎಂದು ಒಡೆಯರೇ ಹಾಕಿಸಿದ ಜಾಹೀರಾತುಗಳು. 1839ರಲ್ಲಿ ವೆಲ್ಡ್ ಹೊರತಂದ ಸಾಕ್ಷ್ಯಸಂಗ್ರಹದ ಜೀವಾಳ ಅದೇ.

1848ರ ಸೆನೆಕಾ ಫಾಲ್ಸ್ ಮಹಿಳಾ ಸಮ್ಮೇಳನಕ್ಕೆ ಸಿಕ್ಕ ಜಾಗ ವೆಸ್ಲಿಯನ್ ಮೆಥಡಿಸ್ಟರ ಪ್ರಾರ್ಥನಾ ಮಂದಿರ, ಅಂದರೆ ಗುಲಾಮಗಿರಿಯ ವಿಷಯಕ್ಕೆ ಮೂಲ ಪಂಥವನ್ನು ಬಿಟ್ಟು ಬಂದವರದು. ಅದನ್ನು ಕರೆದವರಲ್ಲಿ ಎಲಿಜಬೆತ್ ಕೇಡಿ ಸ್ಟಾಂಟನ್ ಬಿಟ್ಟರೆ ಉಳಿದವರೆಲ್ಲ ಶಾಂತಿವಾದಿ ಕ್ರೈಸ್ತ ಪಂಥವಾದ ಕ್ವೇಕರ್ ಬಳಗದವರು. ಸ್ಟಾಂಟನ್ ಹುಡುಗಿಯಾಗಿದ್ದಾಗ ಟ್ರಾಯ್ ನಗರದಲ್ಲಿ ಫಿನ್ನಿಯ ಬೋಧನೆ ಕೇಳಿ ನರಕದ ಭಯದಿಂದ ನಿದ್ದೆಗೆಟ್ಟಿದ್ದಳು. ಮನೆಯವರು ನಯಾಗರಾ ಪ್ರವಾಸಕ್ಕೆ ಕರೆದೊಯ್ದು, ವಿಚಾರವಾದಿ ಪುಸ್ತಕಗಳನ್ನು ಓದಿಸಿ ಚೇತರಿಸಿದರಂತೆ. ಹಾಗಾಗಿ ಮಹಿಳಾ ಹಕ್ಕಿನ ಕಡೆಗೆ ಬಾಣ ಎಳೆಯುವುದಿದ್ದರೆ ಒಂದು ಗೆರೆಯನ್ನು ಫಿನ್ನಿಯಿಂದ ಓಡಿಹೋದವಳಿಗೂ ಎಳೆಯಿರಿ.